ಫ್ರೆಂಚಿನಲ್ಲಿ ಎಣ್ಣೆಕಲೆ ತೆಗೆದದ್ದು

ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯೊಂದರಲ್ಲಿ ಫ್ರೆಂಚ್ ಪತ್ರ ಬರೆಯುವ ಕೆಲಸ ಮಾಡುತ್ತಿದ್ದೆ ಎಂದರೆ ಜನ ಮೊದಲು ನಗುತ್ತಾರೆ. ಆಮೇಲೆ, "ಹಂಗಾರ ಫ್ರೆಂಚದಾಗ ಏನರ ಒಂದು ಹೇಳ್ರಿ ನೋಡೂಣು" ಎನ್ನುತ್ತಾರೆ. ನಾನು ತಡಮಾಡದೆ, "ಮೆತ್ತಿದ್ದು ಪೂರ್ತಿ ಒಣಗಿದ ಮೇಲೆ ಮರದ ಚಕ್ಕೆಯಿಂದ ಮೆಲ್ಲಗೆ ಎಬ್ಬಿಸಿ ತೆಗೆಯಿರಿ" ಎಂಬುದನ್ನು ಫ್ರೆಂಚಿನಲ್ಲಿ ಹೇಳಿಬಿಡುತ್ತೇನೆ. ಮದುವೆ ಮನೆಗಳಲ್ಲಿ ಹೆಂಗಸರು ಅದನ್ನು ಪ್ರೇಮದ ಮಾತು ಅಂದುಕೊಂಡು ಕೆನ್ನೆಗೆ ಕೈ ಇಟ್ಟುಕೊಂಡದ್ದುಂಟು.

ಈಗ ಅನುವಾದದ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ನನ್ನ ಮನೆಗೆ ಬಂದು, ಯಾವ ಪದಕೋಶ ಒಳ್ಳೆಯದು ಎಂದು ಕೇಳುತ್ತಾರೆ. ಪದಕೋಶದ ವಿಷಯ ಬದಿಗಿರಲಿ. ಆ ಮೆತ್ತಿದ್ದು, ಒಣಗಿದ್ದು ನನ್ನ ವಾಕ್ಯಕ್ಕೆ ಹೇಗೆ ಬಂತು ಎಂಬುದನ್ನು ಹೇಳುತ್ತೇನೆ. ಕೆಲಸ ಎಂಥದ್ದೆಂದು ಅದರಲ್ಲೇ ತಿಳಿಯುತ್ತದೆ.

ನನ್ನ ತವರು ಗುಡೂರು. ಅಪ್ಪ ಕನ್ನಡ ಸಾಲಿ ಮಾಸ್ತರ. ಧಾರವಾಡದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಬಿ.ಎ. ಓದುವಾಗ ಫ್ರೆಂಚ್ ತೆಗೆದುಕೊಂಡೆ. ಸಾಹಿತ್ಯದ ಹಂಬಲ ಅಂತ ತಿಳಿಯಬೇಡಿ. ಫ್ರೆಂಚ್ ತೆಗೆದುಕೊಂಡರೆ ಅಂಕ ಸುರಿಯುತ್ತವೆ ಎಂದು ಸೀನಿಯರುಗಳು ಹೇಳಿದ್ದರು. ಸುರಿದವು ಕೂಡ. ಮದುವೆಯಾಗಿ ಇಳಕಲ್ಲಿಗೆ ಬಂದ ಮೇಲೆ ಆ ಭಾಷೆಯನ್ನು ಟ್ರಂಕಿನ ತಳಕ್ಕೆ ಹಾಕಿ ಮರೆತಿದ್ದೆ.

ಆ ಕಾರ್ಖಾನೆಯಲ್ಲಿ ನನ್ನ ತಮ್ಮ ಲಾರಿ ಓಡಿಸುತ್ತಿದ್ದ. ಒಂದು ದಿನ ಆಫೀಸಿಗೆ ಫ್ರಾನ್ಸಿನಿಂದ ಪತ್ರ ಬಂತಂತೆ. ಇಡೀ ಆಫೀಸಿನಲ್ಲಿ ಇಂಗ್ಲಿಷ್ ಬಲ್ಲವರು ಹೆಡ್‌ಕ್ಲಾರ್ಕ್ ದೇಸಾಯಿ ಸರ್ ಒಬ್ಬರೇ. ಅವರು ಕನ್ನಡಕ ಏರಿಸಿ ಇಳಿಸಿ ಹದಿನೈದು ನಿಮಿಷ ನೋಡಿ, "ಇದು ಇಂಗ್ಲಿಷೇ ಅದರೀ ಸಾಹುಕಾರ್ರ. ಆದ್ರ ಬರದಾಂವ ಭಾಳ ತಪ್ಪು ಮಾಡ್ಯಾನ" ಎಂದು ತೀರ್ಪು ಕೊಟ್ಟರು. ಅಲ್ಲಿದ್ದ ತಮ್ಮ, "ನಮ್ಮ ಆಪಾಗ ಒಮ್ಮೆ ತೋರಸ್ತೇನಿ ಕೊಡ್ರಿ" ಎಂದ. ಮರುವಾರ ನಾನು ಅಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಆಪಾ ಎಂದರೆ ಅಕ್ಕ; ತಮ್ಮನ ಬಾಯಿಂದ ಕೇಳಿ ಹಮಾಲರೂ ಮಾಲೀಕರಾದ ಸಾಹುಕಾರರೂ ನನ್ನನ್ನು "ಆಪಾ" ಎಂದೇ ಕರೆಯತೊಡಗಿದರು.

ಟೈಪ್‌ರೈಟರಿನಲ್ಲಿ ಫ್ರೆಂಚ್ ಅಕ್ಷರಗಳ ಮೇಲಿನ ಗೆರೆ, ಚುಕ್ಕೆ, ಟೊಪ್ಪಿಗೆಗಳು ಇರಲಿಲ್ಲ. ಟೈಪಾದ ಮೇಲೆ ನೀಲಿ ಪೆನ್ನಿನಿಂದ ಒಂದೊಂದಾಗಿ ಇಡುತ್ತಿದ್ದೆ. ಸಾಹುಕಾರರು ಮೊದಲ ಪತ್ರಕ್ಕೆ ಸಹಿ ಹಾಕುವಾಗ ಕಾಗದವನ್ನು ಬೆಳಕಿಗೆ ಹಿಡಿದು, "ಆಪಾ, ಇದೇನಿದು, ಎಲ್ಲಾ ಕಡೆ ನೊಣ ಕುಂತು ಎದ್ದಂಗ ಐತಿ" ಎಂದರು. "ಅವು ನೊಣ ಅಲ್ರಿ, ಫ್ರೆಂಚ್" ಎಂದೆ. ಆಮೇಲೆ ಫ್ಯಾಕ್ಸ್ ಬಂತು, ಮೇಲ್ ಬಂತು, ನೊಣಗಳು ತಾವಾಗಿಯೇ ಬಂದು ಕೂರತೊಡಗಿದವು.

ಬದಲಾಗದೆ ಉಳಿದದ್ದು ಪತ್ರ ನಡೆದು ಬರುವ ದಾರಿ. ಸಾಹುಕಾರರು ಹುನಗುಂದದ ಕನ್ನಡದಲ್ಲಿ ಹೇಳಬೇಕು, ದೇಸಾಯಿ ಸರ್ ಇಂಗ್ಲಿಷ್ ಮಾಡಿ ಫೈಲಿಗೆ ಒಂದು ಪ್ರತಿ ಹಾಕಬೇಕು, ಆ ಇಂಗ್ಲಿಷನ್ನು ನಾನು ಫ್ರೆಂಚ್ ಮಾಡಬೇಕು. ಕನ್ನಡದಿಂದ ನೇರವಾಗಿ ಬರೆಯುತ್ತೇನೆ ಎಂದು ಒಮ್ಮೆ ಹೇಳಿ ನೋಡಿದೆ. ದೇಸಾಯಿ ಸರ್ ಎರಡು ದಿನ ನನ್ನ ಚಹಾದ ಕಡೆ ಸಕ್ಕರೆ ಡಬ್ಬಿ ಸರಿಸಲಿಲ್ಲ.

ಅವರ ಇಂಗ್ಲಿಷಿನಲ್ಲಿ ಒಂದು ಕನ್ನಡ ಶಬ್ದಕ್ಕೆ ಒಂದೇ ಇಂಗ್ಲಿಷ್ ಶಬ್ದ. ಒಮ್ಮೆ ಮದುವೆ ಮಾಡಿಕೊಟ್ಟರೆ ಮುಗಿಯಿತು, ಬಿಡುಗಡೆ ಇಲ್ಲ. "ತೆಗಿ" ಎಂಬುದಕ್ಕೆ ಅವರು "ರಿಮೂವ್" ಎಂಬ ಗಂಡನ್ನು ಗಂಟುಹಾಕಿದ್ದರು. ನಮ್ಮ ಕಡೆ "ತೆಗಿ" ಎಷ್ಟು ಮನೆ ತಿರುಗುತ್ತದೆ ಎಂದು ನಿಮಗೆ ಗೊತ್ತು. ಹಬ್ಬದ ಸೂಟಿಯ ನಂತರ ಸಾಹುಕಾರರು, "ಸ್ವಾಮಾರ ಕಾರ್ಖಾನಿ ತೆಗೀತೇವಿ ಅಂತ ಬರೀರಿ" ಎಂದರೆ, ಸೋಮವಾರ ನಾವು ಕಾರ್ಖಾನೆಯನ್ನೇ ಕಿತ್ತು ಹಾಕುತ್ತೇವೆ ಎಂಬ ಅರ್ಥದ ಇಂಗ್ಲಿಷ್ ನನ್ನ ಮೇಜಿಗೆ ಬರುತ್ತಿತ್ತು. ಅಂಥವನ್ನು ನಾನು ಸುಮ್ಮನೆ ಸರಿಮಾಡಿಕೊಳ್ಳುತ್ತಿದ್ದೆ. ಎಲ್ಲವನ್ನೂ ಸರಿಮಾಡಿಕೊಂಡೆ ಎಂದೇನೂ ಅಲ್ಲ.

ಬಾಗಲಕೋಟೆಯಲ್ಲಿ ನಮ್ಮದೊಂದು ಸಣ್ಣ ಆಫೀಸಿತ್ತು. ಹಳೇ ಊರು ಮುಳುಗಡೆಯಾದಾಗ ಅದನ್ನು ನವನಗರಕ್ಕೆ ಒಯ್ದರು. "ನಮ್ಮ ಬಾಗಲಕೋಟೆ ಆಫೀಸನ್ನು ರಿಮೂವ್ ಮಾಡಲಾಗಿದೆ" ಎಂದು ದೇಸಾಯಿ ಸರ್ ಬರೆದರು. ಆ ದಿನ ನನಗೆ ತಲೆನೋವು. ಪದಕೋಶದಲ್ಲಿ ಮೊದಲು ಸಿಕ್ಕ "ಸುಪ್ರಿಮೇ" ಎಂಬುದನ್ನು ಎತ್ತಿ ಹಾಕಿಬಿಟ್ಟೆ. ಅದರ ಅರ್ಥ ಇಲ್ಲದಂತೆ ಮಾಡುವುದು. ಫ್ರಾನ್ಸಿನ ಗಿರಾಕಿ, ನಿಮ್ಮ ವ್ಯಾಪಾರಕ್ಕೆ ಬಂದ ಕಷ್ಟ ಕೇಳಿ ಮನಸ್ಸಿಗೆ ನೋವಾಯಿತು, ಧೈರ್ಯ ತಂದುಕೊಳ್ಳಿ ಎಂದು ಬರೆದರು. ಸಾಹುಕಾರರು, "ಎಷ್ಟ ಛಲೋ ಮನಶ್ಯಾ ನೋಡ್ರಿ, ಮುಳುಗಡಿ ಸುದ್ದಿ ಅಲ್ಲಿತನಾ ಮುಟ್ಟೇತಿ" ಎಂದು ಕಣ್ಣು ಒರೆಸಿಕೊಂಡರು. ನಾನು ಅವರ ಸಂತೋಷ ಕೆಡಿಸಲಿಲ್ಲ.

ಆ ಗಿರಾಕಿ ಒಂದು ಚಳಿಗಾಲ ಹೆಂಡತಿಯ ಜೊತೆ ಕಲ್ಲು ನೋಡಲು ಬಂದರು. ಪತ್ರದಲ್ಲಿ ನಾನು ಅವರನ್ನು "ಮೊಸ್ಯೋ" ಎನ್ನುತ್ತಿದ್ದೆ, ಎಂದರೆ ಶ್ರೀಯುತರೇ. ಹಮಾಲರು ಅದನ್ನು "ಮುಸಿಯಾ" ಮಾಡಿದರು, ಕರೀ ಮೂತಿಯ ಮಂಗ. ಪುಣ್ಯಕ್ಕೆ ಅವರು ಅದನ್ನು ಗೌರವವೆಂದೇ ತಿಳಿದು ಪ್ರತಿಸಲ ತಲೆಬಾಗಿದರು. ಬನಶಂಕರಿಗೆ ಹೋಗಿ, ಚೊಳಚಗುಡ್ಡದಲ್ಲಿ ಚಹಾ ಕುಡಿದು, ಬಾದಾಮಿಯ ಗುಹೆಗಳ ಮೆಟ್ಟಿಲೇರುವಾಗ ನಿಜವಾದ ಮಂಗವೊಂದು ಮೇಡಂ ಅವರ ಕನ್ನಡಕ ಕಿತ್ತುಕೊಂಡು ಹೋಯಿತು. ಊರಿಗೆ ಹೋದ ಮೇಲೆ ವಿಮೆಯವರಿಗೆ ತೋರಿಸಲು ನಮ್ಮಿಂದ ಒಂದು ಸಾಕ್ಷಿಪತ್ರ ಬೇಕೆಂದರು. ದೇಸಾಯಿ ಸರ್ ಇಂಗ್ಲಿಷಿನಲ್ಲಿ ಮತ್ತೆ ಅದೇ ರಿಮೂವ್. ನಾನು ಈ ಸಲ ಸುಪ್ರಿಮೇ ಹಾಕಬಾರದೆಂದು ಎಚ್ಚರವಹಿಸಿ "ಓತೇ" ಹಾಕಿದೆ. ಅದು ಕೋಟು, ಟೋಪಿ, ಕನ್ನಡಕ ಇತ್ಯಾದಿ ತೆಗೆಯುವುದಕ್ಕೆ ಒಪ್ಪುವ ಮಾತು. ಒಪ್ಪುವುದು ನಾವೇ ನಮ್ಮವನ್ನು ತೆಗೆಯುವಾಗ. ವಿಮೆಯವರು ಓದಿದ್ದು ಹೀಗೆ: ಮೆಟ್ಟಿಲ ಮೇಲೆ ಮಂಗವು ತನ್ನ ಕನ್ನಡಕವನ್ನು ತೆಗೆಯಿತು. ನಿಮ್ಮ ಪ್ರದೇಶದಲ್ಲಿ ಎಷ್ಟು ಮಂಗಗಳು ಕನ್ನಡಕ ಹಾಕುತ್ತವೆ ಎಂದು ಅವರು ಕೇಳಿದ್ದನ್ನು ಮೊಸ್ಯೋ ನಗುತ್ತಲೇ ನನಗೆ ಬರೆದು ತಿಳಿಸಿದರು. ಕಸಿದುಕೊಳ್ಳುವುದಕ್ಕೆ ಬೇರೆಯೇ ಕ್ರಿಯಾಪದವಿತ್ತು.

ಆ ಮೇಲೆ ನಾನು ಪದಕೋಶ ತೆರೆಯುವ ಮೊದಲು ಕೆಲಸ ನೋಡುವ ರೂಢಿ ಮಾಡಿಕೊಂಡೆ. ಮನೆಯಲ್ಲೇ ಶುರು. ಹಾಲಿನ ಕೆನೆ ತೆಗೆಯುವಾಗ ಕೈ ಹೇಗಿರುತ್ತದೆ, ಅಕ್ಕಿಯ ಹರಳು ತೆಗೆಯುವಾಗ ಹೇಗೆ, ಬೆರಳಿನ ಮುಳ್ಳು ತೆಗೆಯುವಾಗ ಹೇಗೆ. ಫ್ರೆಂಚರು ಕೆನೆಗೆ ಒಂದು, ಹರಳಿಗೆ ಒಂದು ಮಾತು ಇಟ್ಟುಕೊಂಡಿದ್ದಾರೆ. ನಾನು ಒಲೆಯ ಮುಂದೆ ಗುನುಗುವುದನ್ನು ಕೇಳಿ ಅತ್ತೆ ನನ್ನ ಗಂಡನಿಗೆ, "ಹಾಲಿಗೆ ಮಂತ್ರಾ ಹಾಕಾಕತ್ತಾಳಪಾ ನಿನ್ನ ಹೇಂತಿ" ಎಂದರು.

ಕಾರ್ಖಾನೆಯಲ್ಲಿ ನನಗೆ ಕೆಲಸ ತೋರಿಸುತ್ತಿದ್ದವನು ಹನಮಪ್ಪ. ಬೇವೂರಿನವನು, ಪಾಲಿಶ್ ವಿಭಾಗದ ಮೇಸ್ತ್ರಿ. ನಾನು ಸೇರಿದ ಹೊಸತರಲ್ಲಿ ಒರಟು ಕಲ್ಲಿನ ಮೇಲೆ ಒಂದು ತಂಬಿಗೆ ನೀರು ಸುರಿದು, "ನೋಡ್ರಿ ಆಪಾ, ಪಾಲಿಶ್ ಆದ ಮ್ಯಾಲೆ ಹಿಂಗ ಕಾಣ್ತೈತಿ. ಇದನ್ನ ನೋಡಿ ಬರೀರಿ" ಎಂದಿದ್ದ. ಕಲ್ಲಿನ ಬಗ್ಗೆ ನಾನು ಬರೆದ ಪ್ರತಿ ವಾಕ್ಯವೂ ಮೊದಲು ಅವನ ಕೈಯಲ್ಲಿ ಆದದ್ದು.

ನಮ್ಮಲ್ಲಿ ಮಹಾನವಮಿಯ ಖಂಡೇಪೂಜೆಗೆ ಯಂತ್ರಗಳಿಗೆಲ್ಲ ಕುಂಕುಮ ಹಚ್ಚುತ್ತಾರೆ. ಈ ಕಾರ್ಖಾನೆಯ ಪದ್ಧತಿ ಇನ್ನೂ ಒಂದಿತ್ತು. ಆ ಹೊತ್ತಿಗೆ ಹೊರದೇಶಕ್ಕೆ ಹೋಗಲು ಸಿದ್ಧವಾಗಿ ನಿಂತ ಕಲ್ಲುಗಳಿಗೂ ಒಂದೊಂದು ಬೊಟ್ಟು. ಪಾಲಿಶ್ ಮಾಡಿದ ಕಲ್ಲು ಕನ್ನಡಿ. ನೀರಿನಲ್ಲಿ ಕಲಸಿದ ಕುಂಕುಮ ಒಣಗಿದರೆ ಉದುರಿಬಿಡುತ್ತದೆ. ಒಂದು ವರ್ಷ ಸಾಹುಕಾರರು ಆರತಿಗೆ ಬರುವಷ್ಟರಲ್ಲಿ ಎಲ್ಲ ಉದುರಿ, "ಏನ್ಲೇ ಹನಮ್ಯಾ, ಬೋಳ ಹಣಿ ತೋರಸ್ತಿಯೇನು ನನಗ?" ಎಂದು ಎಲ್ಲರೆದುರು ಬೈದಿದ್ದರು.

ಮರುವರ್ಷದ ಪೂಜೆಯ ಬೆಳಿಗ್ಗೆ ಹನಮಪ್ಪ ಕುಂಕುಮದ ಬಟ್ಟಲು ಹಿಡಿದು ನನ್ನ ಮೇಜಿಗೆ ಬಂದ.

"ಆಪಾ, ಇದು ಈ ವರ್ಷಾನೂ ನಿಂದ್ರೂದಿಲ್ಲ. ಏನ ಮಾಡ್ಲಿ?"

ನನ್ನ ಡ್ರಾವರಿನಲ್ಲಿ ಕೈಗೆ ಹಚ್ಚಿಕೊಳ್ಳುವ ಕೊಬ್ಬರಿ ಎಣ್ಣೆಯ ಬಾಟಲಿ ಇತ್ತು. "ಇದರಾಗ ಕಲಸ್ರಿ, ಹನಮಪ್ಪಣ್ಣ. ಜಪ್ಪಯ್ಯ ಅಂದ್ರೂ ಬೀಳೂದಿಲ್ಲ" ಎಂದೆ. ಭಾಳ ಜಾಣೆ ನಾನು! ಕಲ್ಲಿನ ಆಫೀಸಿನಲ್ಲಿ ಅಷ್ಟು ವರ್ಷ ಕೂತವಳಿಗೆ ಕಲ್ಲು ಎಣ್ಣೆ ಕುಡಿಯುತ್ತದೆ ಎಂಬುದು ನೆನಪಾಗಲಿಲ್ಲ. ಅವನಿಗೆ ಗೊತ್ತಿತ್ತು. ಆದರೆ ಬೈಗುಳದ ನೆನಪು ಅದಕ್ಕಿಂತ ಹತ್ತಿರವಿತ್ತು. "ಒಂದು ತಾಸಿನಾಗ ಒರಸಿಬಿಡ್ತೇನಿ" ಎಂದು ಬಾಟಲಿ ಒಯ್ದ. ಆ ವರ್ಷ ಕುಂಕುಮ ನಿಂತಿತು. ಸಾಹುಕಾರರು ಮೆಚ್ಚಿ ಬೆನ್ನು ತಟ್ಟಿದರು. ಆರತಿ, ಊಟ, ಫೋಟೋ ಎಂದು ಒರೆಸಿದ್ದು ಸಂಜೆಗೆ. ಕೆಂಪು ಕಲ್ಲಿನ ಮೇಲೆ ಏನೂ ಕಾಣಲಿಲ್ಲ. ಮರುದಿನ ಮೂವತ್ತಾರು ಸ್ಲ್ಯಾಬುಗಳು ಮರದ ಪೆಟ್ಟಿಗೆಯಲ್ಲಿ ಹೊರಟವು. ಮೊಸ್ಯೋ ಅವುಗಳನ್ನು ತಮ್ಮ ಊರಿನ ಹೊಸ ಗ್ರಂಥಾಲಯದ ಮುಂಗೋಡೆಗೆ ತರಿಸಿದ್ದರು.

ಸಮುದ್ರ ದಾಟಿದ ಮೇಲೆ ಮೇಲ್ ಬಂತು. ಜೊತೆಗೆ ಫೋಟೋ. ಮೂವತ್ತಾರು ಕಲ್ಲು, ಮೂವತ್ತಾರರ ಮೇಲೂ ಒಂದೇ ಜಾಗದಲ್ಲಿ ದುಂಡಗಿನ ಕಪ್ಪು ಕಲೆ. ಇದು ಕಲ್ಲಿನ ಹುಟ್ಟುಗುಣವೋ, ನಿಮ್ಮ ಪರೀಕ್ಷಕರ ಮುದ್ರೆಯೋ ಎಂದು ಮೊಸ್ಯೋ ಮರ್ಯಾದೆಯಿಂದ ಕೇಳಿದ್ದರು. ತಮ್ಮ ಕೆಲಸಗಾರರು ಬ್ಲೇಡಿನಿಂದ ಕೆರೆಯಲು ಸಿದ್ಧರಾಗಿದ್ದಾರೆ, ನಿಮ್ಮ ಉತ್ತರಕ್ಕೆ ಒಂದು ವಾರ ಕಾಯುತ್ತೇನೆ ಎಂದೂ ಇತ್ತು.

ಸಾಹುಕಾರರು ಹನಮಪ್ಪನನ್ನು ಕರೆಸಿದರು. ನಾನು ಅಲ್ಲೇ ಇದ್ದೆ.

"ಏನ ಹಚ್ಚಿದಿಲೇ?"

"ಕುಂಕುಮ್ರಿ."

"ಕುಂಕುಮ ಹಿಂಗ ಕುಂದ್ರತೈತೇನು?"

"ಎಣ್ಯಾಗ ಕಲಸಿದ್ನಿರಿ."

"ಎಣ್ಣಿ ಹಾಕಂತ ಯಾವ ಶಾಣ್ಯಾ ಹೇಳಿದಾ ನಿನಗ?"

ಹನಮಪ್ಪ ನನ್ನ ಕಡೆ ಒಮ್ಮೆಯೂ ನೋಡದೆ, "ನಂದ ಬುದ್ಧಿರಿ" ಎಂದ.

ಸಾಹುಕಾರರು ದೇಸಾಯಿ ಸರ್ ಕಡೆ ತಿರುಗಿದರು. "ಬರ್ಕೋರಿ ದೇಸಾಯರ. ಕಲೆ ತೆಗೆಯೂದು ಹೆಂಗಂತ ಬರೀರಿ. ಹಚ್ಚಿದಾಂವನ್ನ ತೆಗದೀವಿ ಅಂತಾನೂ ಬರೀರಿ. ಆ ಪತ್ರ ಹೋದ ದಿನಾ ಇಂವನೂ ಮನೀಗೆ ಹೋಗ್ಲಿ."

ದೇಸಾಯಿ ಸರ್ ಹತ್ತು ನಿಮಿಷದಲ್ಲಿ ಇಂಗ್ಲಿಷ್ ಮುಗಿಸಿದರು. ಕಲೆಯನ್ನು ದಯವಿಟ್ಟು ರಿಮೂವ್ ಮಾಡಿರಿ, ಮನುಷ್ಯನನ್ನು ನಾವು ರಿಮೂವ್ ಮಾಡಿದ್ದೇವೆ. ಎರಡೇ ಸಾಲು.

ನಾನೇ ಎಣ್ಣೆ ಕೊಟ್ಟೆ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮಗಳಿಗೆ ಅದೇ ವರ್ಷ ಬಾಗಲಕೋಟೆಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು, ಕೆಲಸದ ಅಗತ್ಯ ನನಗೂ ಇತ್ತು. ಆದರೆ ಪತ್ರ ಹೋದ ದಿನ ಹನಮಪ್ಪ ಹೋಗಬೇಕು ಎಂದಾದರೆ, ಪತ್ರ ನನ್ನ ಮೇಜಿನ ಮೇಲಿದ್ದಷ್ಟು ದಿನ ಅವನೂ ಇರುತ್ತಾನೆ ಎಂಬುದು ಮಾತ್ರ ತಲೆಗೆ ಹೊಳೆಯಿತು.

"ಸಾಹುಕಾರ್ರ, ಫ್ರೆಂಚದಾಗ ಬರೇ ತೆಗೀರಿ ಅಂದ್ರ ನಡಿಯೂದಿಲ್ರಿ" ಎಂದೆ. "ಹೆಂಗ ತೆಗೀತಾರ ಅನ್ನೂದರ ಮ್ಯಾಲೆ ಶಬ್ದ ಬದಲಾಗ್ತಾವ. ಕೆರದು ತೆಗೀಬೇಕೋ, ಹೀರಿಸಿ ತೆಗೀಬೇಕೋ, ಎಬ್ಬಿಸಿ ತೆಗೀಬೇಕೋ? ತಪ್ಪು ಶಬ್ದ ಬಿತ್ತಂದ್ರ ಅವರು ಬ್ಲೇಡು ಹಾಕ್ತಾರ, ಪಾಲಿಶ್ ಹೋಗ್ತೈತಿ. ಹನಮಪ್ಪಣ್ಣ ಮಾಡಿ ತೋರಿಸ್ಬೇಕು, ನಾ ನೋಡಿ ಬರೀಬೇಕು."

"ರಿಮೂವ್ ಅಂತ ಬರದು ಕೊಟ್ಟೀನಲ್ರೀ!" ಎಂದರು ದೇಸಾಯಿ ಸರ್. "ಫ್ರೆಂಚರ ಹತ್ರ ಅದಕ್ಕೊಂದು ಶಬ್ದ ಇಲ್ಲೇನು? ಇಷ್ಟು ದೊಡ್ಡ ದೇಶ!"

"ಭಾಳ ಅದಾವ ಸರ್. ಅದ ತ್ರಾಸ."

ಇದು ಸುಳ್ಳಲ್ಲ. ಸ್ವಲ್ಪ ಉದ್ದ ಎಳೆದೆ, ಅಷ್ಟೇ.

ಒಡೆದ ಸ್ಲ್ಯಾಬ್ ಒಂದರ ಮೇಲೆ ನನ್ನದೇ ಬಾಟಲಿಯಿಂದ ಎಣ್ಣೆಯ ಬೊಟ್ಟು ಇಟ್ಟು ಒಂದು ದಿನ ಬಿಟ್ಟೆವು. ಮರುದಿನ ಹನಮಪ್ಪ ಮುಲ್ತಾನಿ ಮಿಟ್ಟಿಯನ್ನು ಥಿನ್ನರಿನಲ್ಲಿ ಕಲಸಿದ. "ಝುಣಕದ ಹದಾ ಇರ್ಬೇಕು ಆಪಾ, ತಿಳುವಾದ್ರ ಹರೀತೈತಿ." ಕಡಲೆಹಿಟ್ಟಿನ ಝುಣಕಕ್ಕೆ ಫ್ರೆಂಚ್ ಇಲ್ಲ. ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ ಎಂದು ಬರೆದುಕೊಂಡೆ. ಅದನ್ನು ಕಲೆಯ ಮೇಲೆ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚಿಗೆ ಟೇಪು ಅಂಟಿಸಿದ. ಇಲ್ಲಿ ತೆಗೆಯುವ ಕೈಯೇ ಇಲ್ಲ, ಮಣ್ಣು ತಾನೇ ಹೀರಿಕೊಳ್ಳುತ್ತದೆ. ಮರುದಿನ ಟೇಪು ತೆಗೆದ, ಹಾಳೆ ಎತ್ತಿದ, ಮೆತ್ತಿದ್ದನ್ನು ಒಣಗಲು ಬಿಟ್ಟ. ಅದರ ಮರುದಿನ ಮರದ ಚಕ್ಕೆಯನ್ನು ಓರೆಯಾಗಿ ಹಿಡಿದು ಒಣಗಿದ ಮಣ್ಣನ್ನು ಎಬ್ಬಿಸಿದ. ರೊಟ್ಟಿ ಹಂಚಿನಿಂದ ಏಳುವ ಹಾಗೆ ಎದ್ದಿತು. ಕಲೆ ಅರ್ಧ ಹೋಗಿತ್ತು.

"ಇನ್ನೊಂದು ಸರ್ತಿ ಹಾಕ್ಬೇಕ್ರಿ."

"ಹಾಕ್ರಿ, ಹಾಕ್ರಿ. ಗಡಿಬಿಡಿ ಏನಿಲ್ಲ" ಎಂದೆ.

ಅವನು ಚಕ್ಕೆ ಕೆಳಗಿಟ್ಟ. "ಆಪಾ, ನೀವು ಯಾಕ ದಿನಾ ಎಳ್ಯಾಕತ್ತೀರಿ ನನಗ ಗೊತ್ತೈತಿ. ಬ್ಯಾಡ್ರಿ. ನಿಮ್ಮ ಹೆಸರು ನನ್ನ ಬಾಯಾಗ ಬರೂದಿಲ್ಲ. ಬೇವೂರಾಗ ಎರಡೆಕರೆ ಹೊಲಾ ಐತಿ, ಹೋಗ್ತೇನಿ."

"ನೀವು ಹೋದ್ರ ನನಗ ಕಲ್ಲು ತೋರ್ಸೋರು ಯಾರು?"

"ದೇಸಾಯರು ತೋರಸ್ತಾರ" ಎಂದು ನಕ್ಕ.

ಆರನೆಯ ದಿನ, ಎರಡನೇ ಸಲ ಮೆತ್ತಿದ್ದಕ್ಕೆ ಕಲೆ ಪೂರ್ತಿ ಹೋದ ಮೇಲೆ, ಪತ್ರ ಬರೆದೆ. ತಡಮಾಡಿದರೆ ಅಲ್ಲಿ ಬ್ಲೇಡು ಶುರುವಾಗುತ್ತಿತ್ತು. ಹೀರಿಸುವುದು, ಎಬ್ಬಿಸುವುದು, ಒರೆಸುವುದು, ತೊಳೆಯುವುದು, ಎಲ್ಲಕ್ಕೂ ಅದರದರ ಕ್ರಿಯಾಪದ ಇಟ್ಟೆ. ಬ್ಲೇಡು ಬೇಡವೇ ಬೇಡ ಎಂದು ಗೆರೆ ಎಳೆದೆ. ಕೊನೆಗೆ ದೇಸಾಯಿ ಸರ್ ಅವರ ಎರಡನೇ ಸಾಲು ಉಳಿಯಿತು. ಕೆಲಸದಿಂದ ತೆಗೆಯುವುದಕ್ಕೆ ಫ್ರೆಂಚಿನಲ್ಲಿ "ರಾಂವ್ವಾಯೇ", ಎಂದರೆ ಹಿಂದಕ್ಕೆ ಕಳಿಸುವುದು. ಆ ಕ್ರಿಯಾಪದವನ್ನು ಟೈಪು ಮಾಡಿದೆ, ಅಳಿಸಿದೆ. ಸಾಹುಕಾರರ ಮುಂದೆ ಕನ್ನಡದಲ್ಲಿ ಬಾಯಿ ಬಿಡುವ ಧೈರ್ಯ ನನಗಿರಲಿಲ್ಲ. ಫ್ರೆಂಚಿನಲ್ಲಿ ಇತ್ತು. ಹೀಗೆ ಬರೆದೆ: "ಕುಂಕುಮ ಹಚ್ಚುವುದು ನಮ್ಮಲ್ಲಿ ಹಾರೈಕೆಯ ಮಾತು, ಹೊರಡುವವರಿಗೆ ಒಳ್ಳೆಯದಾಗಲಿ ಎಂದು. ಅದಕ್ಕೆ ಎಣ್ಣೆ ಬೆರೆಸಲು ಹೇಳಿದವಳು ಈ ಪತ್ರ ಬರೆಯುತ್ತಿರುವವಳು. ತೆಗೆಯುವ ವಿಧಾನ ತೋರಿಸಿದವನು ನಮ್ಮ ಮೇಸ್ತ್ರಿ. ಕೆಲಸ ಹೋಗುತ್ತಿರುವುದು ಅವನದು." ನೊಣಗಳ ನಡುವೆ ಯಾರಿಗೆ ಏನು ಕಂಡೀತು? ಸಾಹುಕಾರರು ನೋಡಿ, "ಉದ್ದ ಆಗೇತಿ" ಎಂದರು. "ಫ್ರೆಂಚ್ ಉದ್ದಾನ ಇರ್ತೈತ್ರಿ" ಎಂದೆ. ಮೇಲ್ ಹೋಯಿತು. ಆದರೆ ಹೊಸ ಮೇಸ್ತ್ರಿಗೆ ಕೆಲಸ ಕಲಿಸಿಕೊಟ್ಟು ಹೋಗಲಿ ಎಂದು ಸಾಹುಕಾರರು ಹನಮಪ್ಪನಿಗೆ ವಾರದ ಕೊನೆಯವರೆಗೆ ಗಡುವು ಕೊಟ್ಟರು.

ಶನಿವಾರ ಉತ್ತರ ಬಂತು. ಮೊಸ್ಯೋ ಯಾವಾಗಲೂ ಫ್ರೆಂಚಿನಲ್ಲಿ ಬರೆಯುವವರು. ಈ ಸಲ ಇಂಗ್ಲಿಷ್. ನೇರವಾಗಿ ಮಾಲೀಕರಿಗೇ ಮುಟ್ಟಬೇಕೆಂದು ತಮ್ಮ ಮಗಳ ಕೈಯಿಂದ ಬರೆಸಿದ್ದರು. ನನ್ನ ಕೈಗೆ ಬರಲೇ ಇಲ್ಲ ಅದು, ಸೀದಾ ದೇಸಾಯಿ ಸರ್ ಮೇಜಿಗೆ ಹೋಯಿತು. ಅವರು ಜೀವಮಾನದಲ್ಲಿ ಮೊದಲ ಬಾರಿ ಇಂಗ್ಲಿಷಿನಿಂದ ಕನ್ನಡಕ್ಕೆ ಗಟ್ಟಿಯಾಗಿ ಓದಿ ಹೇಳುವ ಸಂಭ್ರಮದಲ್ಲಿ ಎದ್ದುನಿಂತರು.

"ಪ್ರೀತಿಯ ಸಾಹುಕಾರ್ರೇ ಅಂತ ಬರದಾನ. ಕಲೆ ಹೋಗ್ಲಿಕ್ಕತ್ತಾವಂತ. ಮೇಸ್ತ್ರಿ ಭಾಳ ಶಾಣ್ಯಾ ಅಂತ. ಅಂವನ್ನ ತೆಗೀಬ್ಯಾಡ್ರಿ ಅಂತ. ಎಣ್ಣಿ ಹಾಕಂದ ಆಪಾ..." ದೇಸಾಯಿ ಸರ್ ಓದುವುದನ್ನು ನಿಲ್ಲಿಸಿದರು, ಕನ್ನಡಕ ಒರೆಸಿದರು, ಮತ್ತೆ ನೋಡಿದರು. "ಎಣ್ಣಿ ಹಾಕಂದ ಆಪಾನ್ನೂ ತೆಗೀಬ್ಯಾಡ್ರಿ ಅಂತ."

ನಾನು ಎದ್ದುನಿಂತೆ. ಈ ಸಲ ಕನ್ನಡದಲ್ಲೇ ಹೇಳಿದೆ: "ಖರೆ ಐತ್ರಿ ಸಾಹುಕಾರ್ರ. ಬಾಟಲಿ ನಂದು, ಬುದ್ಧೀನೂ ನಂದು. ಹನಮಪ್ಪಣ್ಣ ನನ್ನ ಉಳಸಾಕ ಸುಳ್ಳು ಹೇಳಿದ. ಹ್ವಾದ ವರ್ಷ ನೀವು ಬೋಳ ಹಣಿ ಅಂತ ಬೈದಿದ್ದಕ್ಕ ಅಂವಾ ಕೇಳಾಕ ಬಂದಿದ್ದ."

ಸಾಹುಕಾರರು ನನ್ನನ್ನು ನೋಡಿದರು. ಹೊರಗೆ ಪಾಲಿಶ್ ಯಂತ್ರದ ಬಳಿ ನಿಂತ ಹನಮಪ್ಪನನ್ನು ನೋಡಿದರು. "ಅಂದ್ರ ತಪ್ಪು ನಂದ ಅಂತೀರಿ?"

"ಹಂಗ ನಾ ಅಂದಿಲ್ರಿ."

"ಫ್ರೆಂಚದಾಗ ಅಂದಿರೋ ಏನೋ, ಯಾರಿಗೆ ಗೊತ್ತು!" ಎಂದು ಮೇಜು ಕುಟ್ಟಿದರು. ಆಮೇಲೆ ಅವರಿಗೇ ನಗು ತಡೆಯಲಾಗಲಿಲ್ಲ. ಹೊಟ್ಟೆ ಕುಣಿಯಿತು. "ದೇಸಾಯರ, ಬರ್ಕೋರಿ. ಹನಮಪ್ಪ ಇದ್ದಲ್ಲೇ ಇರ್ತಾನ, ಆಪಾನೂ ಇರ್ತಾರ. ಮುಂದಿಂದು ಕೇಳ್ರಿ ಆಪಾ. ಇವತ್ತಿನಿಂದ ಯಾವ ಪತ್ರಾ ಬರದ್ರೂ ಕಳಸೂಕಿಂತ ಮದ್ಲ ನನ್ನ ಮುಂದ ಕುಂತು ಕನ್ನಡದಾಗ ಓದಿ ಹೇಳ್ಬೇಕು. ಪೂರ್ತಿ. ಒಂದು ಅಕ್ಷರಾ ಬಿಡದ."

ದೇಸಾಯಿ ಸರ್ ನಿವೃತ್ತರಾದ ಮೇಲೂ ಆ ನಿಯಮ ಉಳಿಯಿತು. ಹನಮಪ್ಪ ತಾನಾಗಿಯೇ ಸಾಕು ಎನ್ನುವವರೆಗೆ ಪಾಲಿಶ್ ವಿಭಾಗದಲ್ಲಿದ್ದ. ನಾನು ಕೆಲಸ ಬಿಡುವ ದಿನದವರೆಗೂ ಪ್ರತಿಯೊಂದು ಪತ್ರವನ್ನೂ ಸಾಹುಕಾರರ ಮುಂದೆ ಕೂತು ಕನ್ನಡದಲ್ಲಿ ಓದಿದೆ. ಬಹಳಷ್ಟು ಸಲ, ಬರೆದದ್ದನ್ನೇ ಓದಿದೆ.